ಓರೆ ನಿಂತ ಎಳೆಗಳು

ಚಳಿ ಇನ್ನೂ ಗಟ್ಟಿಯಾಗಿರಲಿಲ್ಲ. ನವೆಂಬರ್ ತಿಂಗಳ ಕೊನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಐದೋ ಹತ್ತೋ ನಿಮಿಷವಿತ್ತು. ಯೋಕೋಹಾಮಾದ ಆ ಬೀದಿಯ ಗಿಂಕೊ ಮರಗಳೆಲ್ಲ ಅರಿಶಿನ ಬಳಿದುಕೊಂಡ ಹಾಗೆ ನಿಂತಿದ್ದವು. ಮೂರನೇ ಮಹಡಿಯ ತಮ್ಮ ಮನೆಯಲ್ಲಿ ಮೊರಿಕಾವಾ ಸಾನ್ ಚಹಾ ತರಲೆಂದು ಅಡುಗೆಮನೆಗೆ ಹೋದರು, ಅಲ್ಲಿ ಯಾರದೋ ಫೋನು ಬಂದು ಮಾತಿಗೆ ನಿಂತರು. ಆಗ ವಿಶಾಲಾಕ್ಷಿ ಕುರ್ಚಿಯಿಂದ ಎದ್ದು, ಸೋಫಾದ ಮೇಲೆ ಮಲಗಿಸಿದ್ದ ವಾದ್ಯದ ಹತ್ತಿರ ಹೋದಳು. ಅದರ ಕೊರಳಿಗೆ ಅಡ್ಡಲಾಗಿ ಸುತ್ತಿ ಕಟ್ಟಿದ್ದ ಏಳು ಎಳೆಗಳಲ್ಲಿ ಒಂದೂ ನೇರವಿರಲಿಲ್ಲ. ಒಂದು ಈ ಕಡೆ ಮೇಲೆ, ಇನ್ನೊಂದು ಆ ಕಡೆ ಕೆಳಗೆ. ಹೆಬ್ಬೆರಳಿನಿಂದ ಒತ್ತಿ ಒಂದೊಂದನ್ನೇ ಜರುಗಿಸಿ, ಏಳನ್ನೂ ಸಾಲಾಗಿ ನೇರ ಮಾಡಿದಳು. ಎರಡು ನಿಮಿಷವೂ ಹಿಡಿಯಲಿಲ್ಲ. ವಾಪಸು ಬಂದು ಕೂತು ಸೆರಗಿಗೆ ಕೈ ಒರೆಸಿಕೊಂಡಳು. ಆಗ ಅವಳಿಗೆ ಅನ್ನಿಸಿದ್ದು ಬರೀ ಸಮಾಧಾನ. ನಲವತ್ತು ದಿನದಿಂದ ಕಣ್ಣಿಗೆ ಚುಚ್ಚುತ್ತಿದ್ದದ್ದು ಇವತ್ತಿಗೆ ಮುಗಿಯಿತು ಎಂಬ ಸಮಾಧಾನ.

ಐವತ್ತು ವರ್ಷ ಮಗ್ಗದ ಮುಂದೆ ಕೂತ ಕಣ್ಣು ಅದು. ಬೆಂಗಳೂರಿನ ಕಬ್ಬನ್‌ಪೇಟೆಯ ಓಣಿಯಲ್ಲಿ, ಕೈ ಚಾಚಿದರೆ ಎದುರುಮನೆಯ ಗೋಡೆ ಸಿಗುವಂಥ ಮನೆಯಲ್ಲಿ, ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಅಪ್ಪನ ಮಗ್ಗಕ್ಕೆ ರೇಷ್ಮೆ ಸುತ್ತಲು ಕೂತವಳು. ಹರಡಿದ ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಸಡಿಲಾಗಿದ್ದರೆ ಬಾಗಿಲಿನಿಂದಲೇ ಕಾಣುತ್ತಿತ್ತು. ಕಂಡದ್ದನ್ನು ಹಾಗೇ ಬಿಟ್ಟು ಅನ್ನ ಉಣ್ಣುವುದು ಸಾಧ್ಯವಿರಲಿಲ್ಲ, ಮದುವೆಮನೆಯಲ್ಲಿ ಅಪರಿಚಿತ ಹೆಂಗಸರ ಸೆರಗಿನ ಮಡಿಕೆಯನ್ನೂ ಹಿಂದಿನಿಂದ ಸರಿ ಮಾಡಿ ಬೈಸಿಕೊಂಡಿದ್ದಳು. ಇಲ್ಲಿ ಮಗಳ ಮನೆಗೆ ಮೂರು ತಿಂಗಳ ವೀಸಾದಲ್ಲಿ ಬಂದ ಮೊದಲ ವಾರವೇ ಪರದೆ, ಕಾಲೊರಸು, ಸ್ನಾನದ ಮನೆಯ ಟವೆಲು ಎಲ್ಲ ನೇರವಾಗಿ ಹೋಗಿ, ಮಾಡಲು ಏನೂ ಉಳಿದಿರಲಿಲ್ಲ. ಸುಪ್ರೀತಾ ಏಳೂವರೆಗೆ ರೈಲು ಹಿಡಿದರೆ ಬರುವುದು ಸಂಜೆ. ಅಳಿಯ ಆದರ್ಶ್ ನಗೋಯಾದ ಕಾರಿನ ಕಾರ್ಖಾನೆಯಲ್ಲಿ, ವಾರಕ್ಕೊಮ್ಮೆ ಬರುವವನು. ಮೊಮ್ಮಗಳು ಅಪೂರ್ವಳಿಗೆ ಸ್ಕೂಲು. ಹಗಲಿನ ಆ ಫ್ಲಾಟು ಎಷ್ಟು ಸದ್ದಿಲ್ಲದೆ ಇರುತ್ತಿತ್ತೆಂದರೆ ಫ್ರಿಜ್ಜು ಗುಂಯ್‌ಗುಟ್ಟಿದರೆ ಯಾರೋ ಬಂದರೇನೋ ಅನ್ನಿಸುತ್ತಿತ್ತು.

ಅಕ್ಟೋಬರಿನಲ್ಲಿ ಒಂದು ದಿನ ಕಸದ ಚೀಲ ಇಟ್ಟು ಮೆಟ್ಟಿಲು ಹತ್ತುವಾಗ ಆ ಸ್ವರ ಕೇಳಿತು. ಪಿಟೀಲಲ್ಲ, ಅದಕ್ಕಿಂತ ತಗ್ಗು. ಗಂಟಲು ಕಟ್ಟಿದವರು ತಮ್ಮಷ್ಟಕ್ಕೆ ಮಾತಾಡಿಕೊಂಡ ಹಾಗೆ. ಒಂದು ದಪ್ಪ ಸ್ವರ ಎದ್ದು ನಿಲ್ಲುತ್ತಿತ್ತು, ಅದನ್ನು ಅಲ್ಲೇ ಬಿಟ್ಟು ಸಣ್ಣ ಸ್ವರಗಳು ಎಲ್ಲೆಲ್ಲೋ ಹೋಗಿಬರುತ್ತಿದ್ದವು. ಬಿಟ್ಟುಹೋದ ದಪ್ಪ ಸ್ವರ ನಿಂತೇ ಹೋಗಿದ್ದರೂ ಕಿವಿಯೊಳಗೆ ಅದು ಕಾಯುತ್ತಾ ಇರುತ್ತಿತ್ತು. ವಿಶಾಲಾಕ್ಷಿ ಮೂರನೇ ಮಹಡಿಯ ಆ ಬಾಗಿಲಿಗೆ ಕಿವಿಯಿಟ್ಟು ನಿಂತುಬಿಟ್ಟಳು, ಮಾರನೆಯ ದಿನವೂ ಅಷ್ಟೇ. ನಾಲ್ಕನೇ ದಿನ ಬಾಗಿಲು ತೆರೆಯಿತು. ಬಿಳಿಗೂದಲಿನ ಸಣ್ಣ ಹೆಂಗಸು. ವಿಶಾಲಾಕ್ಷಿ ಕಳ್ಳಿಯ ಹಾಗೆ ಮೆಟ್ಟಿಲು ಹತ್ತಿ ಓಡಿದಳು, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಸಂಜೆ ಸುಪ್ರೀತಾ ಆ ಚಪ್ಪಲಿ ಹಿಡಿದುಕೊಂಡೇ ಒಳಗೆ ಬಂದಳು.

"ಅಮ್ಮ, ಇಲ್ಲಿ ಹಂಗೆಲ್ಲ ಬೇರೆಯವ್ರ ಬಾಗ್ಲಲ್ಲಿ ನಿಂತ್ಕೊಳ್ಳಂಗಿಲ್ಲ. ಕಂಪ್ಲೇಂಟ್ ಮಾಡ್ತಾರೆ. ನಾನು ಎಷ್ಟು ಸಲ ಸುಮಿಮಾಸೆನ್ ಹೇಳಿ ಬಂದೆ ಗೊತ್ತಾ?"

"ಬೈದ್ರಾ?"

"ಬೈಯೋದಾ! ನಾಳೆ ಹತ್ತೂ ಕಾಲಿಗೆ ಒಳಗೇ ಬಂದು ಕೂತ್ಕೊಳ್ಳಿ ಅಂದ್ರು. ಅದೂ ನಂಗೆ ಇನ್ನೂ ಎಂಬರಾಸಿಂಗು."

ಹಾಗೆ ನಲವತ್ತು ದಿನ. ಮೊರಿಕಾವಾ ಸಾನ್‌ಗೆ ಕನ್ನಡ ಬರದು, ಇವಳಿಗೆ ಜಪಾನಿ ಬರದು. 'ದೋಜೋ' ಅಂದರೆ ಕೂತುಕೊಳ್ಳುವುದು, ಮುಗಿದ ಮೇಲೆ ಇಬ್ಬರೂ ಚಹಾ ಕುಡಿಯುವುದು. ಸುಪ್ರೀತಾ ಎಷ್ಟು ತಿದ್ದಿದರೂ ಇವಳ ಬಾಯಲ್ಲಿ ಅವರು 'ಮೊರಿಕಾವಮ್ಮ'. ಅವರ ಬಾಯಲ್ಲಿ ಇವಳು 'ವಿಶಾ ಸಾನ್'. ವಾದ್ಯದ ಹೆಸರು ವಿಯೋಲಾ ದ ಗಾಂಬಾ ಎಂದು ಸುಪ್ರೀತಾ ಫೋನು ನೋಡಿ ಹೇಳಿದ್ದಳು. ಗಾಂಬಾ ಅಂದರೆ ಕಾಲಂತೆ, ಎರಡು ಕಾಲಿನ ನಡುವೆ ಹಿಡಿದು ನುಡಿಸುವುದರಿಂದ. ನಾನೂರು ವರ್ಷದ ಹಿಂದೆ ರಾಜರ ಕೋಣೆಗಳಲ್ಲಿ ನುಡಿಸುತ್ತಿದ್ದರಂತೆ, ಒಬ್ಬರೇ ಕೂತು ನುಡಿಸಲಿಕ್ಕೆಂದೇ ಬರೆದ ಪುಸ್ತಕಗಳಿವೆಯಂತೆ. "ಆಮೇಲೆ ದೊಡ್ಡ ದೊಡ್ಡ ಹಾಲ್ ಕಟ್ಟಿದ್ರಲ್ಲ, ಹಿಂದೆ ಕೂತೋರಿಗೆ ಇದರ ಸೌಂಡ್ ಕೇಳಿಸ್ತಿರ್ಲಿಲ್ಲ. ಅದಕ್ಕೆ ಬಿಟ್ಬಿಟ್ರಂತೆ. ಎಷ್ಟೋ ಕಾಲ ಯಾರೂ ಮುಟ್ಲೇ ಇಲ್ಲ. ಆಮೇಲೆ ಮತ್ತೆ ಯಾರೋ ಎತ್ಕೊಂಡ್ರು."

"ಹಿಂದೆ ಕೂತೋರು ಎದ್ದು ಮುಂದೆ ಬಂದಿದ್ರೆ ಆಗ್ತಿತ್ತು," ಅಂದಿದ್ದಳು ವಿಶಾಲಾಕ್ಷಿ.

ಅದು ತಮಾಷೆಗೆ ಅಂದದ್ದಲ್ಲ. ಆ ಕುರ್ಚಿಗೂ ವಾದ್ಯಕ್ಕೂ ನಡುವೆ ನಾಲ್ಕು ಮೊಳ ಜಾಗ. ಅಷ್ಟು ಹತ್ತಿರ ಕೂತರೆ ಕಮಾನು ತಂತಿಗೆ ತಾಗುವ ಮುಂಚಿನ ಉಸಿರೂ ಕೇಳುತ್ತಿತ್ತು. ಒಂದೇ ವಾದ್ಯ ಪ್ರಶ್ನೆ ಕೇಳುತ್ತಿತ್ತು, ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಉತ್ತರ ಹೇಳುತ್ತಿತ್ತು, ಆ ಉತ್ತರ ತನಗೇ ಹಿಡಿಸದೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ಯಾರನ್ನೂ ಕರೆಯುತ್ತಿರಲಿಲ್ಲ. ಯಾರಾದರೂ ಬಂದು ಕೂತರೆ ಬೇಡವೆನ್ನುತ್ತಲೂ ಇರಲಿಲ್ಲ. ಐವತ್ತು ವರ್ಷ ಮಗ್ಗದ ಟಕಟಕದಲ್ಲಿ ತನ್ನೊಳಗೆ ತಾನು ಆಡಿಕೊಂಡ ಮಾತುಗಳಿಗೆ ಹೊರಗೆ ಒಂದು ಗಂಟಲು ಸಿಕ್ಕಿದ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಕಣ್ಣು ಮುಚ್ಚಿಕೊಂಡರೆ ಎಲ್ಲ ಸರಿ. ತೆರೆದರೆ ಆ ಓರೆ ಎಳೆಗಳು.

ಆ ಮಂಗಳವಾರ ಚಹಾ ಕುಡಿದ ಮೇಲೆ ಮೊರಿಕಾವಾ ಸಾನ್ ಇನ್ನೊಂದು ಸಲ ನುಡಿಸಲು ಕೂತರು. ನಾಲ್ಕು ತಂತಿಗಳನ್ನು ಒಟ್ಟಿಗೆ ಎಳೆಯುವ ಮೊದಲ ಸ್ವರವೇ ಹುಳಿಯಾಯಿತು. ವಿಶಾಲಾಕ್ಷಿಗೂ ಗೊತ್ತಾಯಿತು, ಒಡೆದ ಹಾಲಿನ ಹಾಗೆ ಬೇರೆ ಬೇರೆಯಾಗಿ ನಿಂತಿತು. ಅವರು ಕಮಾನು ಎತ್ತಿದರು. ವಾದ್ಯದ ಕೊರಳನ್ನು ಮುಖದ ಹತ್ತಿರ ತಂದುಕೊಂಡು ಬಹಳ ಹೊತ್ತು ನೋಡಿದರು. ಒಂದು ಬೆರಳು ಎತ್ತಿ ಮೊದಲನೇ ಎಳೆಯ ಮೇಲೆ ಇಟ್ಟರು, ಜರುಗಿಸಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಆಮೇಲೆ ಇವಳ ಕಡೆ ತಿರುಗಿ ತಲೆಬಾಗಿಸಿ, "ಸುಮಿಮಾಸೆನ್," ಅಂದರು. ತಪ್ಪಾಯಿತು ಅಂತ ಅವರೇ ಹೇಳಿದರು. ಇವಳೂ ಬಾಯಿಗೆ ಬಂದ ಅದೇ ಮಾತು ಹೇಳಿದಳು. ಆ ಮಾತನ್ನು ಅವಳು ಅಂಗಡಿಯಲ್ಲಿ, ಲಿಫ್ಟಿನಲ್ಲಿ, ರಸ್ತೆ ದಾಟುವಾಗ ಎಷ್ಟು ಸಲ ಹೇಳಿದ್ದಳೆಂದರೆ ಅದರಲ್ಲಿ ತಪ್ಪು ಒಪ್ಪಿಕೊಳ್ಳುವಷ್ಟು ತೂಕ ಉಳಿದಿರಲಿಲ್ಲ.

ಬುಧವಾರ ಹತ್ತೂ ಕಾಲಿಗೆ ಸ್ವರ ಬರಲಿಲ್ಲ. ಗುರುವಾರವೂ ಇಲ್ಲ. ವಿಶಾಲಾಕ್ಷಿ ಬಚ್ಚಲ ಕೊಳಾಯಿ ನಿಲ್ಲಿಸಿ, ಕಿಟಕಿ ತೆರೆದು, ನೆಲಕ್ಕೆ ಕಿವಿಯಿಟ್ಟು ಕೇಳಿದಳು. ಶುಕ್ರವಾರ ಊಟಕ್ಕೆ ಕೂತಾಗ ಸುಪ್ರೀತಾ, "ಅಮ್ಮ, ಕೆಳಗೆ ಹೋಗ್ತಾ ಇಲ್ವಂತೆ ನೀನು?" ಅಂದಳು.

"ಮಂಡಿ ನೋವು."

"ಲೆಟರ್ ಬಾಕ್ಸ್ ಹತ್ರ ಸಿಕ್ಕಿದ್ರು. ಡಿಸೆಂಬರ್ ಏಳು ಭಾನುವಾರ ಅವ್ರ ಹಸ್ಬೆಂಡ್ ಹೋಗಿ ಎರಡು ವರ್ಷ ಆಗತ್ತಂತೆ. ಮನೇಲೇ ನಾಲ್ಕೈದು ಜನ ಕರೆದು ನುಡಿಸ್ಬೇಕು ಅಂತಿದ್ರಂತೆ. ಈಗ ನುಡಿಸೋದು ಡೌಟು ಅಂದ್ರು."

"ಯಾಕಂತೆ?"

"ಅದರ ಕತ್ತಿಗೆ ದಾರ ಕಟ್ಟಿರ್ತಾರಲ್ಲ, ಬೆರಳಿಡೋ ಜಾಗಕ್ಕೆ? ಅವು ಸ್ವಲ್ಪ ಓರೆಯಾಗೇ ಇರ್ಬೇಕಂತೆ, ಇಲ್ದಿದ್ರೆ ಸ್ವರ ಕೂಡಲ್ಲ. ಅವನ್ನ ಅವ್ರ ಹಸ್ಬೆಂಡೇ ಕಟ್ಟಿ ಹೊಂದಿಸಿದ್ದಂತೆ, ಹೋಗೋಕೆ ಮುಂಚೆ. ಇವ್ರು ಸವೆದಿದ್ರೂ ಬದಲಾಯಿಸಿಲ್ಲ. ಈಗ ಹವಾ ಒಣಗಿದೆಯಲ್ಲ, ಅದಕ್ಕೆ ತಾವೇ ಜರುಗಿಬಿಟ್ವಂತೆ. ನಿಮ್ಮಮ್ಮನಿಗೆ ಹೇಳಿ, ಒಣ ಹವೆಯಿಂದ ಆಗಿದ್ದು, ಅಂತ ಎರಡೆರಡು ಸಲ ಅಂದ್ರು."

"ಅದು ದಾರ ಅಲ್ಲ, ಗಟ್," ಎಂದಳು ಅಪೂರ್ವ ಅನ್ನದಿಂದ ತಲೆಯೆತ್ತದೆ. "ಇಟ್ಸ್ ಶೀಪ್, ಅಜ್ಜಿ. ಕುರಿ ಹೊಟ್ಟೆ ಒಳಗಿಂದು."

"ಕಂಬಳೀನೂ ಕುರೀದೇ ಕಣೇ," ಅಂದಳು ವಿಶಾಲಾಕ್ಷಿ. ಆದರೆ ಎತ್ತಿದ ತುತ್ತನ್ನು ತಟ್ಟೆಗೇ ವಾಪಸು ಹಾಕಿದಳು. ಅದಕ್ಕೆ ಕುರಿ ಕಾರಣವಲ್ಲ. ಹವೆ ಮುಟ್ಟಿದರೆ ಏಳು ಎಳೆಗಳು ಹಾಗೆ ಮಗ್ಗದ ಮೇಲಿನಂತೆ ಸಾಲುಗಟ್ಟುವುದಿಲ್ಲ ಎಂದು ಮೊರಿಕಾವಾ ಸಾನ್‌ಗೆ ಗೊತ್ತಿತ್ತು. ಇವಳಿಗೆ ತಲುಪಲಿ ಎಂದೇ ಆ ಸುಳ್ಳನ್ನು ಮಗಳ ಕೈಯಲ್ಲಿ ಕಳಿಸಿದ್ದರು. ಅದನ್ನು ಸುಮ್ಮನೆ ಹೊದ್ದುಕೊಂಡು ಕೂತರೆ ಸಾಕಿತ್ತು. ಹನ್ನೊಂದನೇ ತಾರೀಖು ಊರಿಗೆ ವಿಮಾನ, ಆಮೇಲೆ ಯಾರು ಯಾರನ್ನು ನೋಡಬೇಕು.

ಹೊದ್ದುಕೊಳ್ಳುವುದು ಅವಳಿಗೆ ಹೊಸದೂ ಅಲ್ಲ. ಗಂಡ ನಟರಾಜನ ಕಣ್ಣಿಗೆ ಪೊರೆ ಬಂದ ವರ್ಷ, ಅವನು ನೇಯುತ್ತಿದ್ದ ಗುಲಗಂಜಿ ಬಣ್ಣದ ಸೀರೆಯ ಅಂಚು ಒಂದು ಗೇಣಿನುದ್ದ ಸೊಟ್ಟಗೆ ಹೋಗಿತ್ತು. ಅವನು ಊಟ ಮಾಡಿ ಅಡ್ಡಾದಾಗ ಇವಳು ಮಗ್ಗದ ಗುಣಿಗೆ ಇಳಿದು ಅಷ್ಟನ್ನೂ ಬಿಚ್ಚಿ ಮತ್ತೆ ನೇಯ್ದಳು. ಒಳ್ಳೆಯದಕ್ಕೇ ಮಾಡಿದ್ದು. ಅವನು ಎದ್ದು ಬಂದು ಕೂತು, ಮುಂದಿನ ಲಾಳಿ ಎಸೆಯುವ ಮುಂಚೆ ಹೆಬ್ಬೆರಳಿನಿಂದ ಅಂಚನ್ನು ಸವರಿದ. ಎರಡು ಸಲ ಸವರಿದ. ಮಾರನೆಯ ದಿನ ಕಾಲು ನೋವು ಅಂದ. ಆಮೇಲೆ ಸಾಯುವವರೆಗೆ ಆರು ವರ್ಷ ಮಗ್ಗಕ್ಕೆ ಕೂರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು ಓಣಿಯಲ್ಲಿ ಹೋಗಿಬರುವವರನ್ನು ಮಾತಾಡಿಸುತ್ತಿದ್ದ. ಕಾಲು ಹೇಗಿದೆ ಎಂದು ಯಾರಾದರೂ ಕೇಳಿದರೆ ಇವಳೇ ಒಳಗಿನಿಂದ ಉತ್ತರ ಹೇಳುತ್ತಿದ್ದಳು, ಅವನು ಸುಳ್ಳು ಹೇಳಬೇಕಾಗಿ ಬರದಿರಲಿ ಎಂದು. ಅದು ಅವನ ಮೇಲಿನ ಕನಿಕರವೋ, ಎಲ್ಲಿ ನಿಜ ಹೇಳಿಬಿಡುವನೋ ಎಂಬ ಹೆದರಿಕೆಯೋ, ಇವತ್ತಿಗೂ ಅವಳಿಗೆ ಬಿಡಿಸಿಕೊಳ್ಳಲು ಆಗಿಲ್ಲ.

ಇನ್ನೂ ಒಂದು ವಾರ ಹಾಗೇ ಹೋಯಿತು. ಸಾಮಾನು ಕಟ್ಟುವ ನೆಪದಲ್ಲಿ ಪೆಟ್ಟಿಗೆ ತುಂಬಿದಳು, ತೆಗೆದಳು. ಶನಿವಾರ ಬೆಳಿಗ್ಗೆ ಸುಪ್ರೀತಾ ಕಾಫಿ ಕುಡಿಯುತ್ತಿದ್ದಾಗ ಎದುರಿಗೆ ನಿಂತು, "ಕೆಳಗೆ ಬಾ. ನಂಗೊಂದು ಮಾತು ಹೇಳೋದಿದೆ, ನೀನು ಅವ್ರ ಭಾಷೇಲಿ ಹೇಳ್ಬೇಕು," ಅಂದಳು.

ಮೊರಿಕಾವಾ ಸಾನ್ ಬಾಗಿಲು ತೆರೆದರು. ಒಳಗೆ ವಾದ್ಯ ಗೋಡೆಗೊರಗಿತ್ತು, ಮೇಲೆ ಬಟ್ಟೆ ಹೊದಿಸಿತ್ತು. ಸುಪ್ರೀತಾ ಹೊಸ್ತಿಲಲ್ಲೇ ಮೂರು ಸಲ ಬಾಗಿದಳು.

"ಹೇಳು. ಆ ಎಳೆ ಜರುಗಿಸಿದ್ದು ಹವಾ ಅಲ್ಲ, ನಾನು ಅಂತ."

"ಅಮ್ಮಾ!"

"ಹೇಳೇ."

ಸುಪ್ರೀತಾ ಕೆಂಪಾಗಿ ಶುರು ಮಾಡಿದಳು. ಹೇಳಿದಳು, ಬಾಗಿದಳು, ಮತ್ತೆ ಹೇಳಿದಳು.

"ನಾನು ಹೇಳಿದ್ದು ನಾಲ್ಕು ಮಾತು. ನೀನು ಪುರಾಣ ಓದ್ತಾ ಇದ್ದೀಯ. ಏನೇನು ಸೇರಿಸ್ದೆ?"

"ನಿಂಗೆ ವಯಸ್ಸಾಗಿದೆ, ಕಣ್ಣು ಸರಿ ಕಾಣಲ್ಲ ಅಂತ..."

"ಕಣ್ಣು ಚೆನ್ನಾಗಿದೆ. ಚೆನ್ನಾಗಿರೋದ್ರಿಂದ್ಲೇ ಹಿಂಗಾಗಿದ್ದು. ಅದನ್ನ ಹೇಳು."

ಅದನ್ನು ಕೇಳಿ ಮೊರಿಕಾವಾ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗು ಸ್ವಲ್ಪವೇ, ಆದರೆ ನಿಜವಾದದ್ದು. ಆಮೇಲೆ ಎರಡು ಮಾತು ಹೇಳಿದರು.

"ಅವತ್ತೇ ಗೊತ್ತಾಗಿತ್ತಂತೆ," ಎಂದಳು ಸುಪ್ರೀತಾ. "ಹೇಳಿದ್ರೆ ನೀನು ಬರೋದು ನಿಲ್ಲಿಸ್ತೀಯ ಅಂತ ಹೇಳ್ಲಿಲ್ವಂತೆ. ಹೇಳ್ದೆ ಇದ್ರೂ ನಿಲ್ಲಿಸಿದೆಯಲ್ಲ ಅಂತಾರೆ."

ವಿಶಾಲಾಕ್ಷಿ ತನ್ನ ಕುರ್ಚಿಯಲ್ಲಿ ಕೂತಳು. ಯಾರೂ ದೋಜೋ ಅನ್ನುವುದನ್ನು ಕಾಯಲಿಲ್ಲ. "ನಾನು ಹಿಂಗೆ ಮಾಡಿದ್ದು ಇದೇ ಮೊದಲಲ್ಲ," ಎಂದು ನೆಲ ನೋಡುತ್ತಾ ಹೇಳಿದಳು. "ನಮ್ಮನೇವ್ರು ನೇಯ್ದಿದ್ದ ಅಂಚು ಸೊಟ್ಟ ಅಂತ ಕದ್ದು ಬಿಚ್ಚಿ ನೇಯ್ದೆ. ಅವ್ರಿಗೆ ಗೊತ್ತಾಯ್ತು. ಆಮೇಲೆ ಅವ್ರು ಮಗ್ಗ ಮುಟ್ಲಿಲ್ಲ. ಅದನ್ನೂ ಹೇಳು."

ಸುಪ್ರೀತಾ ಹೇಳಲಿಲ್ಲ. "ಅಪ್ಪಂಗೆ ಕಾಲುನೋವು ಅಂತಿದ್ದೆ ನೀನು," ಅಂದಳು.

"ಅಂತಿದ್ದೆ."

"ನಾನು ಪ್ರತೀ ತಿಂಗಳು ಎಣ್ಣೆ ತಂದು ಕೊಡ್ತಿದ್ದೆ ಅಮ್ಮ. ಕಾಲಿಗೆ."

"ಹಚ್ಕೊಳ್ತಿದ್ರು. ನೀನು ತಂದಿದ್ದು ಅಂತ ದಿನಾ ಹಚ್ಕೊಳ್ತಿದ್ರು."

ಸುಪ್ರೀತಾ ಕಿಟಕಿಯ ಕಡೆ ತಿರುಗಿ ನಿಂತಳು. ಮೊರಿಕಾವಾ ಸಾನ್ ಅರ್ಥ ಕೇಳಲಿಲ್ಲ. ಎದ್ದು ಹೋಗಿ ವಾದ್ಯದ ಮೇಲಿನ ಬಟ್ಟೆ ತೆಗೆದು ಮಡಿಸಿಟ್ಟರು, ಅಷ್ಟೇ. ಮಡಿಸಿದ್ದು ನೇರವಾಗಿರಲಿಲ್ಲ. ವಿಶಾಲಾಕ್ಷಿ ಅದನ್ನು ನೋಡಿದಳು, ನೋಡಿ ಹಾಗೇ ಬಿಟ್ಟಳು. ಬಿಟ್ಟ ಆ ಗಳಿಗೆಯಲ್ಲಿ ಆ ಎಳೆಗಳು ಮೊದಲು ಹೇಗಿದ್ದವೋ ಹಾಗೆ ಕಣ್ಣಿಗೆ ಕಟ್ಟಿದವು. ನಲವತ್ತು ದಿನ ಚುಚ್ಚಿದ ಒಂದೊಂದು ಓರೆಯೂ ಅಲ್ಲೇ ಇತ್ತು. ನೇರವಿದ್ದಿದ್ದರೆ ಒಂದೂ ನೆನಪಿರುತ್ತಿರಲಿಲ್ಲ.

"ಸುಪ್ಪಿ, ಕೇಳು ಅವ್ರನ್ನ. ಇನ್ನೊಂದ್ಸಲ ಮುಟ್ಲಾ ಅಂತ."

"ಇನ್ನೊಂದ್ಸಲಾನಾ?" ಸುಪ್ರೀತಾ ಮೂಗೊರೆಸಿಕೊಂಡು ತಿರುಗಿದಳು. "ನೀನು ಬಿಡಲ್ಲ ಅಲ್ವಾ."

ಮೊರಿಕಾವಾ ಸಾನ್ ವಾದ್ಯವನ್ನು ತಂದು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಅದರ ಕೊರಳನ್ನು ಇವಳ ಕಡೆ ಬಾಗಿಸಿದರು. ವಿಶಾಲಾಕ್ಷಿ ಹೆಬ್ಬೆರಳು ಇಟ್ಟಳು. ಮೊದಲನೆಯದರ ಎಡತುದಿ ಎಳ್ಳುಕಾಳಿನಷ್ಟು ಮೇಲೆ. ಎರಡನೆಯದು ಅದಕ್ಕೆ ಎದುರಾಗಿ. ಮೂರನೆಯದು ಹೆಚ್ಚು ಕಡಿಮೆ ನೇರ, ಆದರೆ ನಡುವೆ ಒಂದು ಬಳುಕು. ನಾಲ್ಕನೆಯದೇ ಎಲ್ಲಕ್ಕಿಂತ ಪೀಡೆ, ಅರ್ಧ ಅಕ್ಕಿಕಾಳು ಕೆಳಗೆ. ಪ್ರತಿಯೊಂದಕ್ಕೂ ಮೊರಿಕಾವಾ ಸಾನ್ ಕಮಾನಿನಿಂದ ಒಮ್ಮೆ ಎಳೆದು ತಲೆ ವಾಲಿಸಿ ಕೇಳುತ್ತಿದ್ದರು. ನಾಲ್ಕನೆಯದಕ್ಕೆ ಅವರ ಕಣ್ಣು ಮುಚ್ಚಿಕೊಂಡಿತು. ಐದು. ಆರು. ಗಂಡನ ಕೈಕೆಲಸ ಒಂದೊಂದೇ ವಾಪಸು ಬರುವುದನ್ನು ಆ ಮುಖದಲ್ಲಿ ನೋಡಬಾರದೆಂದು ವಿಶಾಲಾಕ್ಷಿ ಎಳೆಗಳನ್ನೇ ನೋಡುತ್ತಿದ್ದಳು. ಏಳನೆಯದರ ಹತ್ತಿರ ಬೆರಳು ನಿಂತಿತು. ಅದು ಯಾವಾಗಲೂ ಹಾಳೆ ಇಡುವ ಸ್ಟ್ಯಾಂಡಿನ ಮರೆಯಲ್ಲಿರುತ್ತಿತ್ತು. ಅವತ್ತು ಕೈಯ ಓಟದಲ್ಲಿ, ನೋಡದೆಯೇ ಜರುಗಿಸಿದ್ದಳು.

"ಇದು ಗೊತ್ತಿಲ್ಲ," ಅಂದಳು. "ಇದನ್ನ ನಾನು ನೋಡೇ ಇಲ್ಲ."

ಸುಪ್ರೀತಾ ಹೇಳಿದಳು. ಮೊರಿಕಾವಾ ಸಾನ್ ಏನೋ ಹೇಳಿ, ಕಮಾನು ಹಿಡಿದ ಕೈಯ ಹಿಂಭಾಗದಿಂದಲೇ ಕಣ್ಣೊರೆಸಿಕೊಂಡರು.

"ಅದು ಅವ್ರ ಹಸ್ಬೆಂಡಿಗೂ ಗೊತ್ತಿರ್ಲಿಲ್ವಂತೆ. ವಾರಕ್ಕೊಂದ್ಸಲ ಜರುಗಿಸಿ ಜರುಗಿಸಿ ನೋಡೋರಂತೆ, ಆ ಒಂದಕ್ಕೆ ಇಬ್ಬರಿಗೂ ಜಗಳ ಆಗ್ತಿತ್ತಂತೆ."

ಭಾನುವಾರ ಐದು ಜನ ಬಂದಿದ್ದರು. ಮೊರಿಕಾವಾ ಸಾನ್ ಒಬ್ಬರೇ ಮುಕ್ಕಾಲು ಗಂಟೆ ನುಡಿಸಿದರು. ಕೋಣೆ ಸಣ್ಣದು, ಎಲ್ಲರೂ ಮುಂದಿನ ಸಾಲಿನವರೇ. ನಡುವೆ ಒಂದು ಕಡೆ, ಮೇಲಿನ ಸ್ವರಕ್ಕೆ ಬೆರಳು ಏರಿದಾಗ, ಒಂಚೂರು ಹುಳಿ ತಾಗಿತು. ಅವರು ನಿಲ್ಲಿಸಲಿಲ್ಲ. ಹುಬ್ಬೆತ್ತಿ ಯಾರಿಗೋ ನೋಡಿದೆಯಾ ಎಂಬಂತೆ ಮಾಡಿ ಮುಂದಕ್ಕೆ ಹೋದರು. ವಿಶಾಲಾಕ್ಷಿಗೆ ಆ ಸ್ವರಗಳಲ್ಲಿ ಮೆಟ್ಟಿಲ ಮೇಲೆ ಕೂತ ನಟರಾಜ ಕಾಣುತ್ತಿದ್ದ, ಅವನು ಯಾರನ್ನೂ ಮಾತಾಡಿಸುತ್ತಿರಲಿಲ್ಲ, ಸುಮ್ಮನೆ ಕೂತಿದ್ದ. ಅವನ ಪಕ್ಕ ಹೋಗಿ ಕೂತಳು. ಕಾಲು ಹೇಗಿದೆ ಎಂದು ಕೇಳಲಿಲ್ಲ.

ಮಂಗಳವಾರ ಹತ್ತೂ ಕಾಲಿಗೆ ಕೆಳಗೆ ಹೋದಾಗ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಹೊಸ ಎಳೆ ಮತ್ತು ಒಂದು ಕತ್ತರಿ ಇದ್ದವು. ಮೊರಿಕಾವಾ ಸಾನ್ ಹಳೆಯ ಏಳನೇ ಎಳೆಯನ್ನು ತಾವೇ ಕತ್ತರಿಸಿದರು, ತುಂಡನ್ನು ಮಡಿಸಿದ ಕಾಗದದಲ್ಲಿಟ್ಟರು, ಹೊಸದನ್ನು ಇವಳ ಅಂಗೈಯಲ್ಲಿಟ್ಟು "ವಿಶಾ ಸಾನ್," ಅಂದರು. ವಿಶಾಲಾಕ್ಷಿ ಎರಡು ಸುತ್ತು ಸುತ್ತಿ, ಎಳೆದು ಬಿಗಿದು, ಅಂಚಿಗೆ ಗಂಟು ಹಾಕಿದಳು. ಎಲ್ಲಿ ನಿಲ್ಲಿಸಬೇಕು ಎಂದು ಕಣ್ಣಿನಲ್ಲೇ ಕೇಳಿದಳು. ಅವರು ಕಮಾನು ಎಳೆದರು, ಇವಳು ಜರುಗಿಸಿದಳು, ಅವರು ತಲೆ ಅಲ್ಲಾಡಿಸಿದರು, ಮತ್ತೆ ಜರುಗಿಸಿದಳು. ಚಹಾ ಆರಿಹೋಯಿತು. ಕೊನೆಗೆ ಅದು ಚೆನ್ನಾಗಿ ಓರೆಯಾಗಿ ನಿಂತಿತು.

ಬುಧವಾರ ಅವರು ಅದರ ಮೇಲೆ ನುಡಿಸಿದರು, ಇವಳು ಕೂತು ಕೇಳಿದಳು. ಡಿಸೆಂಬರ್ ಹನ್ನೊಂದು, ಗುರುವಾರ, ಬೆಳಗಿನ ವಿಮಾನಕ್ಕೆ ವಿಶಾಲಾಕ್ಷಿ ಹೊರಟಳು.